ಒಂದಿಂಚು ಹಿಮ ಬಿಡುವ ಜಾಣ್ಮೆ

ಹಿಮ ಎಂದರೆ ನಮ್ಮ ಕಡೆಯವರಿಗೆ ಮನಾಲಿಯ ಫೋಟೊ. ನಾನು ಎಂ.ಎಸ್. ಓದುತ್ತಿರುವ ಅಮೆರಿಕದ ಮಿಷಿಗನ್ ರಾಜ್ಯದ ಹೋಟನ್‌ನಲ್ಲಿ ಅದು ದಿನನಿತ್ಯದ ಕೆಲಸ. ಸುಪೀರಿಯರ್ ಸರೋವರ ದಾಟಿ ಬರುವ ಗಾಳಿ ತೇವ ಹೀರಿಕೊಂಡು ಇಲ್ಲಿ ಹಿಮ ಸುರಿಸುತ್ತದೆ. ಒಂದು ಚಳಿಗಾಲಕ್ಕೆ ಸರಾಸರಿ 200 ಇಂಚಿಗೂ ಹೆಚ್ಚು!

ನಾನು ಬಾಡಿಗೆಗಿರುವ ಮನೆಯಿಂದ ರಸ್ತೆಗೆ ಹೋಗುವ ದಾರಿ ಡಾಂಬರಿನದಲ್ಲ, ಜಲ್ಲಿಯದು. ಎಪ್ಪತ್ತು ದಾಟಿದ ಮನೆ ಮಾಲೀಕರು ಕೆಳಗಿನ ಮಹಡಿಯಲ್ಲಿದ್ದಾರೆ. ವಾರಕ್ಕೆ ಮೂರು ಬಾರಿ ಡಯಾಲಿಸಿಸ್‌ಗೆ ಹೋಗಲೇಬೇಕು. ದಾರಿ ಮುಚ್ಚಿದರೆ ಚಿಕಿತ್ಸೆ ತಪ್ಪುತ್ತದೆ. ಹಾಗಾಗಿ ಬಾಡಿಗೆಗಿರುವ ಹುಡುಗರೆಲ್ಲ ಸರದಿಯಂತೆ ಬೆಳಿಗ್ಗೆ ಬೇಗ ಎದ್ದು ದಾರಿ ಬಿಡಿಸುತ್ತೇವೆ.

ಹಿಮ ತೆಗೆಯುವ ಯಂತ್ರಗಳು ಸಾಮಾನ್ಯವಾಗಿ ಗಟ್ಟಿ, ಸಮತಟ್ಟಾದ ನೆಲಕ್ಕೆ ಹೇಳಿ ಮಾಡಿಸಿದಂಥವು. ರಬ್ಬರ್ ಪಟ್ಟಿ ನೆಲಕ್ಕೆ ತಾಗಿ ತಿರುಗುವ ಚಿಕ್ಕ ಸ್ನೋ ಬ್ಲೋವರ್ ಜಲ್ಲಿಯ ಮೇಲೆ ಹೋದರೆ ಹಿಮದ ಜೊತೆಗೆ ಕಲ್ಲನ್ನೂ ಎಸೆಯುತ್ತದೆ. ಗ್ಯಾರೇಜಿನ ಕಿಟಕಿಯಲ್ಲಿದ್ದ ಬಿರುಕು ತೋರಿಸಿ ಮಾಲೀಕರು ಹೇಳಿದ್ದು ಇದನ್ನೇ. ಜಲ್ಲಿಗೆ ಬೇಕಾದುದು ನೆಲದಿಂದ ಮೇಲೆತ್ತಿ ನಿಲ್ಲಿಸಬಹುದಾದ ‘ಟು ಸ್ಟೇಜ್’ ಯಂತ್ರ.

ಇದರ ಎರಡೂ ಬದಿಗೆ ‘ಸ್ಕಿಡ್ ಶೂ’ ಎಂಬ ಲೋಹದ ಪಾದಗಳಿವೆ. ಎಂಜಿನ್ ನಿಲ್ಲಿಸಿ, ಮುಂಭಾಗದ ಕೆರೆಯುವ ಪಟ್ಟಿಯ ಕೆಳಗೆ ಒಂದಿಂಚು ದಪ್ಪದ ಮರದ ತುಂಡು ಇಟ್ಟು, ಬೋಲ್ಟ್ ಸಡಿಲಿಸಿ, ಪಾದಗಳನ್ನು ನೆಲಕ್ಕೆ ತಾಗಿಸಿ ಮತ್ತೆ ಬಿಗಿಯಬೇಕು. ಎರಡೂ ಬದಿ ಸಮನಾಗಿರಬೇಕು, ಅಷ್ಟೇ. ನಮ್ಮೂರಿನ ರೋಟವೇಟರ್‌ನಲ್ಲಿ ಉಳುಮೆಯ ಆಳ ಹೊಂದಿಸುವುದು ಹೀಗೆಯೇ!

ಮೊದಲ ಹಿಮವನ್ನು ನಾವು ತೆಗೆಯುವುದಿಲ್ಲ. ಅದರ ಮೇಲೆ ಕಾರು ಓಡಿಸಿ ಅದುಮುತ್ತೇವೆ. ಅದು ಹೆಪ್ಪುಗಟ್ಟಿ ಜಲ್ಲಿಯನ್ನು ಹಿಡಿದಿಡುತ್ತದೆ. ಮುಂದಿನ ಹಿಮಕ್ಕೆ ಅದೇ ನೆಲ. ಪಿಕಪ್ ಟ್ರಕ್ಕಿಗೆ ಪ್ಲೌ ಕಟ್ಟಿಕೊಂಡವರು ಉದ್ದಕ್ಕೆ ಸೀಳಿದ ಪೈಪನ್ನು ಬ್ಲೇಡಿನ ಅಂಚಿಗೆ ತೊಡಿಸುತ್ತಾರೆ. ದುಂಡನೆಯ ಅಂಚು ಕಲ್ಲನ್ನು ಕೆರೆಯದೆ ಜಾರಿ ಹೋಗುತ್ತದೆ.

ಇಷ್ಟಾದರೂ ಒಮ್ಮೊಮ್ಮೆ ಕಲ್ಲು ಸಿಕ್ಕಿಕೊಳ್ಳುತ್ತದೆ. ಆಗ ‘ಶಿಯರ್ ಪಿನ್’ ಮುರಿದು ದುಬಾರಿ ಗೇರ್‌ಬಾಕ್ಸನ್ನು ಉಳಿಸುತ್ತದೆ. ಪದೇ ಪದೇ ಮುರಿಯುತ್ತದೆಂದು ಅಲ್ಲಿ ಗಟ್ಟಿ ಬೋಲ್ಟ್ ಹಾಕಿದರೆ ಮುರಿಯುವ ಸರದಿ ಗೇರ್‌ಬಾಕ್ಸಿನದು. ಬಾಯಿ ಕಟ್ಟಿಕೊಂಡ ಯಂತ್ರಕ್ಕೆ ಕೈ ಹಾಕುವುದಂತೂ ಬೇಡವೇ ಬೇಡ. ಎಂಜಿನ್ ಆಫ್ ಮಾಡಿ, ಕೋಲಿನಿಂದಲೇ ಬಿಡಿಸಬೇಕು.

ಈ ಚಳಿಗಾಲದಲ್ಲಿ ಮಾಲೀಕರ ಡಯಾಲಿಸಿಸ್ ಒಮ್ಮೆಯೂ ತಪ್ಪಲಿಲ್ಲ. ಅದಕ್ಕೆ ಹೊಸ ಯಂತ್ರವೇನೂ ಬೇಕಾಗಲಿಲ್ಲ. ಇದ್ದುದನ್ನೇ ನೆಲಕ್ಕೆ ತಕ್ಕಂತೆ ಹೊಂದಿಸಿದೆವು.

ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುತ್ತಿರುವ ಗೆಳೆಯರೇ, ಶಿಯರ್ ಸ್ಟ್ರೆಸ್ ಸೂತ್ರ ನಮಗೆಲ್ಲ ಬಾಯಿಪಾಠ. ಊರಿಗೆ ಹೋದಾಗ ಟ್ರ್ಯಾಕ್ಟರ್ ರಿಪೇರಿಯವರ ಬಳಿ ಅರ್ಧ ದಿನ ಕುಳಿತು, ಯಾವ ಬೋಲ್ಟ್ ಯಾಕೆ ಮೆದು ಎಂದು ಕೇಳಿ ನೋಡಿ. ಸಂದರ್ಶನದಲ್ಲಿ ಹೇಳಲು ನಿಮ್ಮದೇ ಒಂದು ಉತ್ತರ ಸಿಗುತ್ತದೆ.