ಮನೆಯಲ್ಲೇ ರಕ್ತಪರೀಕ್ಷೆ: ಅಂಕಿ ಬಂದ ಮೇಲೆ ಏನು?

ಸುರತ್ಕಲ್ ಪೇಟೆಯ ಯಾವುದಾದರೂ ಔಷಧದಂಗಡಿಯ ಮುಂದೆ ಸಂಜೆ ಅರ್ಧ ಗಂಟೆ ನಿಂತರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಹಿಂದೆ ಜನ ಮಾತ್ರೆ ಕೊಂಡು ಮನೆಗೆ ಹೋಗುತ್ತಿದ್ದರು. ಈಗ ಮಾತ್ರೆಯ ಜೊತೆಗೆ ರಕ್ತದ ಸಕ್ಕರೆ ಅಳೆಯುವ ಸ್ಟ್ರಿಪ್‌ಗಳ ಡಬ್ಬಿಯನ್ನೂ ಕೊಳ್ಳುತ್ತಾರೆ. ಮಧ್ಯಮ ವರ್ಗದ ಮನೆಗಳಲ್ಲಿ ಗ್ಲುಕೋಮೀಟರ್ ಎಂಬುದು ಇಸ್ತ್ರಿಪೆಟ್ಟಿಗೆಯಷ್ಟೇ ಸಾಮಾನ್ಯ ವಸ್ತುವಾಗಿದೆ. ಬೆಳಗ್ಗೆ ಎನ್‌ಐಟಿಕೆ ಕಡಲ ಕಿನಾರೆಯಲ್ಲಿ ದೀಪಸ್ತಂಭದ ಕಡೆಗೆ ನಡೆಯುವ ನಮ್ಮಂಥ ನಿವೃತ್ತರು ಮಳೆ-ಬಿಸಿಲಿನ ಮಾತು ಬಿಟ್ಟು, "ಇವತ್ತು ಎಷ್ಟು ಬಂತು?" ಎಂದು ಕೇಳಿಕೊಳ್ಳುತ್ತೇವೆ. ಈ ಪ್ರಶ್ನೆಗೆ ಎಲ್ಲರ ಬಳಿಯೂ ಉತ್ತರವಿದೆ. "ಅಷ್ಟು ಬಂತೆಂದು ಏನು ಮಾಡಿದಿರಿ?" ಎಂದು ಕೇಳಿದರೆ ಮಾತ್ರ ಮೌನ.

ನಾನೂ ಕೆಲವು ವರ್ಷ ಆ ಮೌನದ ಪಾಲುದಾರನೇ ಆಗಿದ್ದೆ. ಮೂರು ದಶಕ ಸರಕಾರಿ ಕಚೇರಿಗಳಲ್ಲಿ ಮಾಸಿಕ ಪ್ರಗತಿ ವರದಿಗಳನ್ನು ತರಿಸಿಕೊಂಡವನು ನಾನು. ಅವುಗಳಲ್ಲಿ ಎಷ್ಟನ್ನು ಯಾರು ಓದಿದರು, ಓದಿ ಯಾವ ನಿರ್ಧಾರ ಕೈಗೊಂಡರು ಎಂಬುದನ್ನು ಹೇಳಲು ಹೋಗುವುದಿಲ್ಲ. ನಿವೃತ್ತಿಯ ಬಳಿಕ ಸಕ್ಕರೆ ಕಾಯಿಲೆ ಪತ್ತೆಯಾದಾಗ ಅದೇ ಅಭ್ಯಾಸ ಮುಂದುವರಿಯಿತು. ದಿನಾ ಬೆಳಗ್ಗೆ ಬರಿಹೊಟ್ಟೆಯಲ್ಲಿ ಬೆರಳು ಚುಚ್ಚುವುದು, ಗೆರೆ ಎಳೆದ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುವುದು, ಪುಸ್ತಕ ಮುಚ್ಚಿ ನೀರುದೋಸೆಗೆ ಕೂರುವುದು. 118, 124, 121, 126. ಹೀಗೆ ಪುಟಗಳು ತುಂಬಿದವು.

ಈ ಸಾಧನದ ಹಿಂದಿನ ಚರಿತ್ರೆಯನ್ನು ತಿಳಿದವರು ಅದನ್ನು ಇಷ್ಟು ಅಗ್ಗವಾಗಿ ಬಳಸಲಾರರು. ನನ್ನ ಅಣ್ಣ 1970ರ ದಶಕದಲ್ಲಿ ಮಧುಮೇಹಿಯಾದಾಗ ಮನೆಯಲ್ಲಿದ್ದ ಏಕೈಕ ಪರೀಕ್ಷೆಯೆಂದರೆ ಬೆನೆಡಿಕ್ಟ್ ದ್ರಾವಣ. ಗಾಜಿನ ಕೊಳವೆಯಲ್ಲಿ ಐದು ಮಿಲಿಲೀಟರ್ ನೀಲಿ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ಕುದಿದಾಗ ನೀಲಿಯೇ ಉಳಿದರೆ ನೆಮ್ಮದಿ. ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು ಬಂದರೆ ಆ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಆದರೆ ರಕ್ತದಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟುವವರೆಗೆ ಸಾಮಾನ್ಯವಾಗಿ ಮೂತ್ರದಲ್ಲಿ ಅದು ಕಾಣಿಸಿಕೊಳ್ಳುವುದೇ ಇಲ್ಲ. ಅಣ್ಣನ ಕೊಳವೆ ನೀಲಿಯಾಗಿದ್ದ ಎಷ್ಟೋ ದಿನಗಳಲ್ಲಿ ಆತನ ಕಣ್ಣಿನ ಸೂಕ್ಷ್ಮ ರಕ್ತನಾಳಗಳು ಹಾಳಾಗುತ್ತಿದ್ದವು. ಆತ ದೃಷ್ಟಿ ಕಳೆದುಕೊಂಡದ್ದು ಅರುವತ್ತಕ್ಕೆ ಮುನ್ನ.

ಅದೇ ಕಾಲದಲ್ಲಿ ಅಮೆರಿಕದಲ್ಲಿ ರಿಚರ್ಡ್ ಬರ್ನ್‌ಸ್ಟೀನ್ ಎಂಬ ಎಂಜಿನಿಯರ್ ಬೇರೊಂದು ದಾರಿ ಹಿಡಿದಿದ್ದರು. ಹನ್ನೆರಡನೆಯ ವಯಸ್ಸಿನಿಂದಲೇ ಮಧುಮೇಹಿಯಾಗಿದ್ದ ಅವರು 1969ರಲ್ಲಿ ರಕ್ತದ ಸಕ್ಕರೆ ಅಳೆಯುವ ಯಂತ್ರವೊಂದರ ಜಾಹೀರಾತು ಕಂಡರು. ಅದನ್ನು ವೈದ್ಯರಿಗೆ ಮಾತ್ರ ಮಾರುತ್ತಿದ್ದುದರಿಂದ ವೈದ್ಯೆಯಾಗಿದ್ದ ಪತ್ನಿಯ ಹೆಸರಿನಲ್ಲಿ ತರಿಸಿಕೊಂಡರು. ದಿನಕ್ಕೆ ಹಲವು ಬಾರಿ ಅಳೆದು, ಯಾವ ಆಹಾರಕ್ಕೆ, ಎಷ್ಟು ಇನ್ಸುಲಿನ್‌ಗೆ ಅಂಕಿ ಹೇಗೆ ಏರಿಳಿಯುತ್ತದೆ ಎಂದು ಗುರುತಿಸಿ, ಆಹಾರವನ್ನೂ ಔಷಧವನ್ನೂ ಬದಲಿಸುತ್ತ ಹೋದರು. ವೈದ್ಯಕೀಯ ಪತ್ರಿಕೆಗಳು ಅವರ ಲೇಖನವನ್ನು ಸ್ವೀಕರಿಸಲಿಲ್ಲ. ನಲವತ್ತೈದರ ವಯಸ್ಸಿನಲ್ಲಿ ಅವರು ವೈದ್ಯಕೀಯ ಕಾಲೇಜು ಸೇರಿ ತಾವೇ ವೈದ್ಯರಾದರು. 2025ರಲ್ಲಿ ತೀರಿಕೊಂಡಾಗ ಅವರಿಗೆ 90 ವರ್ಷ. ಅವರ ಆಹಾರ ಪದ್ಧತಿಯ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ನಾನು ಅದರ ವಕಾಲತ್ತು ವಹಿಸುತ್ತಿಲ್ಲ. ಆದರೆ ಪ್ರತಿ ಅಂಕಿಯ ಬೆನ್ನಿಗೆ ಒಂದು ನಿರ್ಧಾರವನ್ನು ಇಟ್ಟ ಅವರ ಕ್ರಮ ಗಮನಾರ್ಹ.

ಸಂಶೋಧನೆಗಳೂ ಇದೇ ಕಡೆಗೆ ಬೆರಳು ತೋರಿಸುತ್ತವೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಸಕ್ಕರೆ ಥಟ್ಟನೆ ಕುಸಿಯುವಂತೆ ಮಾಡಬಲ್ಲ ಕೆಲವು ಮಾತ್ರೆಗಳನ್ನು ಸೇವಿಸುವವರಿಗೆ, ಸಕ್ಕರೆ ಕಾಯಿಲೆ ಕಾಣಿಸಿಕೊಂಡ ಗರ್ಭಿಣಿಯರಿಗೆ ಮನೆಯ ಪರೀಕ್ಷೆ ಅನಿವಾರ್ಯ. ಅಲ್ಲಿ ಚರ್ಚೆಯೇ ಇಲ್ಲ. ಇನ್ಸುಲಿನ್ ಬಳಸದ ಉಳಿದವರ ವಿಷಯ ಬೇರೆ. ಅಮೆರಿಕದ ನಾರ್ತ್ ಕೆರೋಲಿನಾದಲ್ಲಿ ಇಂಥ 450 ರೋಗಿಗಳನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ದಿನಾ ಬೆರಳು ಚುಚ್ಚಿಕೊಂಡವರಿಗೂ ಚುಚ್ಚಿಕೊಳ್ಳದವರಿಗೂ ವರ್ಷದ ಕೊನೆಯಲ್ಲಿ ಎಚ್‌ಬಿಎ1ಸಿ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಪ್ರಯೋಗಾಲಯದ ಪರೀಕ್ಷೆಯಿದು.) ಇದಕ್ಕೆ ಮುನ್ನ, 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 483 ರೋಗಿಗಳಿದ್ದರು. ಅವರಲ್ಲಿ ಒಂದು ಗುಂಪಿನವರು ಮೂರು ತಿಂಗಳಿಗೊಮ್ಮೆ ವೈದ್ಯರನ್ನು ಕಾಣುವ ಮುನ್ನ ಮೂರು ದಿನ, ದಿನಕ್ಕೆ ಏಳು ಬಾರಿ ಪರೀಕ್ಷಿಸಿ, ಊಟದ ಪ್ರಮಾಣದ ಜೊತೆ ನಕ್ಷೆಯಲ್ಲಿ ಗುರುತಿಸಿ ವೈದ್ಯರ ಮುಂದಿಟ್ಟರು. ಅವರ ಎಚ್‌ಬಿಎ1ಸಿ ಶೇ 1.2ರಷ್ಟು ಅಂಶ ಇಳಿದರೆ, ಉಳಿದವರದು 0.9ರಷ್ಟು ಇಳಿಯಿತು. ಲಾಭ ಸಣ್ಣದು, ಆದರೆ ನಿಜವಾದುದು.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮಾಹಿತಿಯ ಬೆಲೆ ಅದು ಬದಲಿಸುವ ನಿರ್ಧಾರದಲ್ಲಿದೆ. 50 ಸ್ಟ್ರಿಪ್‌ಗಳ ಡಬ್ಬಿಗೆ ನಾನು ತೆರುವುದು ಸಾವಿರ ರೂಪಾಯಿಯ ಆಸುಪಾಸು. ಬೆಳಗಿನ ಅಂಕಿ 118ರಿಂದ 126ರ ನಡುವೆ ಓಲಾಡುತ್ತದೆ ಎಂದು ಮೊದಲ ಹತ್ತು ಸ್ಟ್ರಿಪ್‌ಗಳೇ ಹೇಳಿದ್ದವು. ಉಳಿದ ನಲವತ್ತು ಅದನ್ನೇ ಪುನರುಚ್ಚರಿಸಿದವು. ಇಳಿಮುಖ ಸೀಮಾಂತ ತುಷ್ಟಿಗುಣಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಮ್ಮ ಪಠ್ಯಪುಸ್ತಕಗಳೂ ಕೊಟ್ಟಿರಲಿಲ್ಲ. ಮಾತ್ರವಲ್ಲ, ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಈ ಯಂತ್ರಗಳಿಗೆ 100ಕ್ಕಿಂತ ಮೇಲಿನ ಅಂಕಿಯಲ್ಲಿ ಶೇ 15ರಷ್ಟು ಆಚೀಚೆಯಾಗಲು ಅವಕಾಶವಿದೆ. ಅಂದರೆ 118 ಮತ್ತು 126 ಬೇರೆ ಬೇರೆ ಎಂದು ಕೊರಗುವುದು ಅರ್ಥಹೀನ.

ನಾನು ಕ್ರಮ ಬದಲಿಸಿದ್ದು ಒಂದು ಹಲಸಿನ ಹಣ್ಣಿನ ದೆಸೆಯಿಂದ. ಮೇ ತಿಂಗಳ ಒಂದು ಮಧ್ಯಾಹ್ನ ಹಿತ್ತಲಿನ ಹಲಸನ್ನು ಕೊಯ್ದು ತೊಳೆ ಬಿಡಿಸಿ, ಕೈಗೆ ಎಣ್ಣೆ ಹಚ್ಚಿ ಮೇಣ ಒರೆಸಿಕೊಂಡು, ಕುತೂಹಲಕ್ಕೆ ಬೆರಳು ಚುಚ್ಚಿದೆ. ಬಂದದ್ದು 312. ಎದೆ ಧಸಕ್ಕೆಂದಿತು, ನಾನಿನ್ನೂ ಒಂದು ತೊಳೆಯನ್ನೂ ತಿಂದಿರಲಿಲ್ಲ. ಸಾಬೂನು ಹಾಕಿ ಕೈ ತೊಳೆದು ಒರೆಸಿ ಮತ್ತೆ ಚುಚ್ಚಿದಾಗ 131. ಯಂತ್ರ ಅಳೆದದ್ದು ಬೆರಳ ಮೇಲಿನ ಹಲಸಿನ ಸಕ್ಕರೆಯನ್ನು. ಹಣ್ಣು ಮುಟ್ಟಿದ ಕೈಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ಸಾಲದು, ನೀರಿನಲ್ಲೇ ತೊಳೆಯಬೇಕು ಎಂಬುದನ್ನು ಜಪಾನಿನ ವೈದ್ಯರು ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ಕರಾವಳಿಯವರು ಗಮನಿಸಬೇಕಾದ ಮತ್ತೊಂದು ಸಂಗತಿ ತೇವ. ಜೂನ್-ಜುಲೈಯಲ್ಲಿ ಉಪ್ಪು ನೀರಾಗುವ ಊರಿನಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಅಂಕಿಯನ್ನು ನಂಬುವಂತಿಲ್ಲ.

ಅಂದಿನಿಂದ ನಾನು "ಎಷ್ಟು?" ಎಂದು ಕೇಳುವುದನ್ನು ಬಿಟ್ಟು "ಯಾವುದರಿಂದ?" ಎಂದು ಕೇಳಲಾರಂಭಿಸಿದೆ. ಒಂದು ತಿಂಡಿಯನ್ನು ಆರಿಸಿಕೊಂಡು, ತಿನ್ನುವ ಮುನ್ನ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ಅಳೆಯುವುದು. ಅದೇ ತಿಂಡಿಯನ್ನು ಮೂರು ಬೇರೆ ಬೇರೆ ದಿನ ಪರೀಕ್ಷಿಸುವುದು. ಐದು ನೀರುದೋಸೆ, ಬೆಲ್ಲ-ಕಾಯಿಯ ಜೊತೆ: 112 ಇದ್ದದ್ದು 204ಕ್ಕೆ ಏರಿತು. ಮೊದಲು ಒಂದು ಬಟ್ಟಲು ಹೆಸರುಕಾಳಿನ ಗಸಿ ತಿಂದು, ಬಳಿಕ ಬೆಲ್ಲವಿಲ್ಲದೆ ಎರಡೇ ದೋಸೆ ತಿಂದ ದಿನ 150ರ ಆಸುಪಾಸು. ಕುಚ್ಚಲಕ್ಕಿ ಅನ್ನ ಬೆಳ್ತಿಗೆಗಿಂತ ಮೇಲು ಎಂಬ ನಮ್ಮ ಹಿರಿಯರ ನಂಬಿಕೆಯನ್ನು ನನ್ನ ಯಂತ್ರ ಸಮರ್ಥಿಸಿತು, ಆದರೆ ಬಡಿಸಿದ ಅನ್ನ ಒಂದು ಹಿಡಿ ಹೆಚ್ಚಾದರೆ ಆ ಲಾಭ ಅಲ್ಲಿಗೇ ಮುಗಿಯಿತು. ಅನಿರೀಕ್ಷಿತವಾದದ್ದು ಚಪಾತಿ. ರಾತ್ರಿ ಅನ್ನ ಬಿಟ್ಟು ಮೂರು ಚಪಾತಿ ತಿನ್ನುವುದನ್ನು ವ್ರತದಂತೆ ಪಾಲಿಸುತ್ತಿದ್ದೆ. ಮಿತವಾದ ಕುಚ್ಚಲಕ್ಕಿ ಅನ್ನ, ಬಸಳೆ ಪಲ್ಯ, ಎರಡು ಬಂಗುಡೆಯ ಊಟಕ್ಕಿಂತ ಅದು ಒಂದಿಷ್ಟೂ ಮೇಲಾಗಿರಲಿಲ್ಲ. ಎಲ್ಲರೂ ಹೊಗಳುವ ರಾಗಿ ಗಂಜಿಯೂ ನನ್ನಲ್ಲಿ ವೇಗವಾಗಿಯೇ ಏರಿತು.

ಇದು ನನ್ನ ರಕ್ತದ ಮಾತು. ಓದುಗರು ತಮ್ಮದೆಂದು ತಿಳಿಯಬಾರದು. ಇಸ್ರೇಲಿನ ವೈಜ್‌ಮನ್ ಸಂಸ್ಥೆ 800 ಜನರನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಆಹಾರಕ್ಕೆ ಬೇರೆ ಬೇರೆಯವರ ಸಕ್ಕರೆ ಬೇರೆ ಬೇರೆ ರೀತಿ ಏರುವುದು ಕಂಡುಬಂದಿತ್ತು.

ನಡಿಗೆಯ ವಿಷಯದಲ್ಲೂ ಯಂತ್ರ ಉಪಕಾರ ಮಾಡಿತು. ಬೆಳಗಿನ ಒಂದು ಗಂಟೆಯ ನಡಿಗೆ ಮುಗಿದರೆ ದಿನದ ಕರ್ತವ್ಯ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ರಾತ್ರಿ ಊಟವಾದ ಕೂಡಲೇ ಹದಿನೈದು ನಿಮಿಷ ನಡೆದ ದಿನ ನನ್ನ ಅಂಕಿ ಇಪ್ಪತ್ತು-ಮೂವತ್ತು ಕಡಿಮೆ ಇರುತ್ತಿತ್ತು. ವಯಸ್ಸಾದವರಲ್ಲಿ ಊಟದ ಬಳಿಕದ ಸಣ್ಣ ನಡಿಗೆಯ ಉಪಯೋಗವನ್ನು ಅಮೆರಿಕದ ಚಿಕ್ಕದೊಂದು ಅಧ್ಯಯನ 2013ರಲ್ಲೇ ತೋರಿಸಿತ್ತು. ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ಕತ್ತಲಾದ ಮೇಲೆ ನಡೆಯುವ ಧೈರ್ಯ ನನಗಿಲ್ಲ. ಮಳೆಗಾಲದಲ್ಲಂತೂ ಜಗಲಿಯಲ್ಲೇ ಅತ್ತಿಂದಿತ್ತ ನಡೆಯುತ್ತೇನೆ. ನೆರೆಮನೆಯ ಮಕ್ಕಳಿಗೆ ಅದೊಂದು ತಮಾಷೆ.

ಇಷ್ಟೆಲ್ಲ ನಡೆಯುತ್ತಿದ್ದಾಗ ನನ್ನ ಪತ್ನಿಗೆ ಈ ಯಂತ್ರ ಸ್ವಲ್ಪವೂ ಹಿಡಿಸಿರಲಿಲ್ಲ. "ನಿಮ್ಮ ಮಿಷನ್ ನನ್ನ ಅಡುಗೆಗೆ ಮಾರ್ಕು ಹಾಕ್ತದೆ" ಎಂದು ಆಕೆ ಒಮ್ಮೆ ಹೇಳಿದಾಗ ನಾನು ನಕ್ಕುಬಿಟ್ಟೆ. ಆದರೆ ಮಾತು ನಿಜವಾಗಿತ್ತು. ಅಂಕಿ ಹೆಚ್ಚಾದ ದಿನ "ಇವತ್ತು ಏನು ಹಾಕಿದ್ದೆ?" ಎಂದು ಅಡುಗೆಮನೆಯ ಕಡೆ ನೋಡಿ ಕೇಳುತ್ತಿದ್ದವನು ನಾನೇ.

ರಾಜ್ಯ ಸರಕಾರ 2024ರಲ್ಲಿ ಕೋಲಾರದಲ್ಲಿ ಆರಂಭಿಸಿದ 'ಗೃಹ ಆರೋಗ್ಯ' ಯೋಜನೆ ಅನಂತರ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಮೂವತ್ತು ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ ಮೊದಲಾದವನ್ನು ಮನೆಬಾಗಿಲಲ್ಲೇ ತಪಾಸಣೆ ಮಾಡುವ ಯೋಜನೆಯಿದು. ಆರೋಗ್ಯ ಕಾರ್ಯಕರ್ತೆಯರು ನಮ್ಮ ಮನೆಗೂ ಬಂದರು. ನಾನು ನನ್ನ ಪುಸ್ತಕ ತೆರೆದು ಗತ್ತಿನಿಂದ ತೋರಿಸಿದೆ. ಅವರಲ್ಲೊಬ್ಬಾಕೆ ಪುಸ್ತಕ ನೋಡಿ, ಒಳಗೆ ತಿರುಗಿ, "ಅಮ್ಮಾ, ನೀವೂ ಒಮ್ಮೆ ಕೈ ಕೊಡಿ" ಎಂದಳು. ತಿಂಡಿಯಾಗಿ ಎರಡು ಗಂಟೆ ಕಳೆದಿತ್ತು. 231.

ಪ್ರಯೋಗಾಲಯದಲ್ಲಿ ಬರಿಹೊಟ್ಟೆಯಲ್ಲಿ ನೋಡಿದಾಗ 142, ಎಚ್‌ಬಿಎ1ಸಿ 7.9. (ಮಧುಮೇಹ ಎಂದು ನಿರ್ಧರಿಸಲು ಮನೆಯ ಯಂತ್ರ ಸಾಲದು, ಬರಿಹೊಟ್ಟೆಯಲ್ಲಿ 126, ಎಚ್‌ಬಿಎ1ಸಿಯಲ್ಲಿ 6.5 ಎಂಬ ಗಡಿಗಳು ಪ್ರಯೋಗಾಲಯದ ಪರೀಕ್ಷೆಗೆ ಸಂಬಂಧಿಸಿದವು.) ಕಾಲಿನ ಉರಿಯ ಬಗ್ಗೆ ಆಕೆ ಎರಡು ವರ್ಷದಿಂದ ಹೇಳುತ್ತಿದ್ದಳು, ನಿಂತು ನಿಂತು ಆಗಿರಬೇಕೆಂದು ಇಬ್ಬರೂ ಅಂದುಕೊಂಡಿದ್ದೆವು. ನನ್ನ ಬೆರಳನ್ನು ಸಾವಿರಕ್ಕೂ ಹೆಚ್ಚು ಬಾರಿ ಚುಚ್ಚಿಕೊಂಡಿದ್ದೆ. ಅದೇ ಕಪಾಟಿನಲ್ಲಿದ್ದ ಯಂತ್ರಕ್ಕೆ ಆಕೆಯ ಬೆರಳು ಒಮ್ಮೆಯೂ ಸಿಕ್ಕಿರಲಿಲ್ಲ. ನಾನು ಕೊಟ್ಟಿರಲಿಲ್ಲ, ಆಕೆ ಕೇಳಿರಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ಅಂದಾಜಿಸಿದಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಅದರ ಹೊಸ್ತಿಲಲ್ಲಿ ಇರುವವರು 13.6 ಕೋಟಿ. ಇವರಲ್ಲಿ ಎಷ್ಟೋ ಜನರಿಗೆ ಮೊದಲ ಅಂಕಿಯೇ ಇನ್ನೂ ಸಿಕ್ಕಿಲ್ಲ. ಅದೇ ಹೊತ್ತಿಗೆ, ಕಾಯಿಲೆ ಇಲ್ಲದವರಿಗೂ ತೋಳಿಗೆ ಅಂಟಿಸಿಕೊಳ್ಳುವ ಸಂವೇದಕಗಳನ್ನು, ಮನೆಗೇ ಬಂದು ರಕ್ತ ಸಂಗ್ರಹಿಸಿ ಎಂಬತ್ತು-ತೊಂಬತ್ತು ಪರೀಕ್ಷೆ ನಡೆಸುವ 'ಪ್ಯಾಕೇಜ್'ಗಳನ್ನು ಮಾರಲಾಗುತ್ತಿದೆ. ಪ್ರಯೋಗಾಲಯಗಳು 'ಸಹಜ' ಎಂದು ಮುದ್ರಿಸುವ ಮಿತಿಯೊಳಗೆ ಸಾಮಾನ್ಯವಾಗಿ ಆರೋಗ್ಯವಂತರ ಶೇ 95ರಷ್ಟು ಮಂದಿ ಮಾತ್ರ ಬರುತ್ತಾರೆ. ಹಾಗಾಗಿ ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿಸಿದರೆ ಪೂರ್ಣ ಆರೋಗ್ಯವಂತನಿಗೂ ಕನಿಷ್ಠ ಒಂದಾದರೂ 'ಅಸಹಜ' ಬರುವ ಸಂಭವ ಶೇ 64. ಎಂಬತ್ತು ಮಾಡಿಸಿದರೆ ಬಹುತೇಕ ಖಚಿತ. ಆ ಒಂದು ಕೆಂಪು ಅಕ್ಷರದ ಬೆನ್ನು ಹತ್ತಿ ಮರುಪರೀಕ್ಷೆ, ಸ್ಕ್ಯಾನಿಂಗ್ ಎಂದು ಅಲೆದವರನ್ನು ನನ್ನ ನಡಿಗೆಯ ಗುಂಪಿನಲ್ಲೇ ಕಂಡಿದ್ದೇನೆ.

ನಮ್ಮ ಮನೆಯಲ್ಲಿ ಈಗ ದಿನನಿತ್ಯದ ಚುಚ್ಚುವಿಕೆ ಇಲ್ಲ. ನಮ್ಮಿಬ್ಬರ ಔಷಧಿಗೆ ಅದರ ಅಗತ್ಯವಿಲ್ಲವೆಂದು ವೈದ್ಯರು ಹೇಳಿದ್ದಾರೆ. ಮೂರು ತಿಂಗಳಿಗೊಮ್ಮೆ, ಅವರನ್ನು ಕಾಣುವ ವಾರದಲ್ಲಿ ಮೂರು ದಿನ ಇಬ್ಬರೂ ಪರೀಕ್ಷಿಸಿಕೊಳ್ಳುತ್ತೇವೆ. ಹೊಸ ತಿಂಡಿಯ ಬಗ್ಗೆ ಅನುಮಾನ ಬಂದರೆ, ಮೈಯಲ್ಲಿ ಸರಿಯಿಲ್ಲ ಎನಿಸಿದರೆ ಮತ್ತೊಮ್ಮೆ. ಪುಸ್ತಕ ಒಂದೇ, ಎಡಪುಟ ಆಕೆಯದು, ಬಲಪುಟ ನನ್ನದು. ಅಂಕಿಯ ಎದುರು 'ಏನು ಬದಲಿಸಿದ್ದು' ಎಂಬ ಕಾಲಂ ಇದೆ. ಅದು ಖಾಲಿ ಉಳಿದರೆ ಆ ದಿನದ ಸ್ಟ್ರಿಪ್‌ನ ಹಣ ಕೊಡಬೇಕಾದವರು ಯಾರೆಂದು ನಮ್ಮಲ್ಲಿ ತಕರಾರಿದೆ. ಮೊನ್ನೆಯ ಪುಟಗಳ ಪ್ರಕಾರ ನೀರುದೋಸೆ ಆಕೆಗೆ ನಾಲ್ಕರವರೆಗೂ ಒಗ್ಗುತ್ತದೆ. ನನಗೆ ಎರಡೇ. ಈಗ ಬಡಿಸುವಾಗ ಆಕೆ ಎಣಿಸುತ್ತಾಳೆ.