ಮೀನುದೋಣಿಯ ವಿದ್ಯುತ್ ಮೋಟಾರು: ಕೈಹಿಡಿಯೇ, ಕಾಲಿನ ಪೆಡಲೇ?

ಮೀನು ಹಿಡಿಯುವವನು ದೋಣಿಯಲ್ಲಿ ಒಬ್ಬನೇ ಇರುವಾಗ ಆತನ ಎರಡು ಕೈಗಳಿಗೆ ಮೂರು ಕೆಲಸಗಳು ಬೀಳುತ್ತವೆ. ಗಾಳವನ್ನು ಎಸೆಯಬೇಕು, ಸಿಕ್ಕಿದ ಮೀನನ್ನು ಎಳೆದುಕೊಳ್ಳಬೇಕು, ದೋಣಿಯು ಗಾಳಿಗೆ ಸಿಕ್ಕಿ ಬಂಡೆಗೋ ಮರದ ಬೊಡ್ಡೆಗೋ ಬಡಿಯದಂತೆ ಅದನ್ನು ನಡೆಸಲೂ ಬೇಕು. ಇಬ್ಬರಿದ್ದ ಪಕ್ಷದಲ್ಲಿ ಒಬ್ಬನು ಹುಟ್ಟು ಹಾಕುತ್ತಾನೆ, ಇನ್ನೊಬ್ಬನು ಗಾಳ ಹಿಡಿಯುತ್ತಾನೆ. ಒಬ್ಬನೇ ಇದ್ದಲ್ಲಿ ಒಂದು ಕೆಲಸವನ್ನು ಬಿಟ್ಟೇ ಇನ್ನೊಂದನ್ನು ಮಾಡಬೇಕಾಗುತ್ತದೆ. ಈ ತೊಂದರೆಯನ್ನು ಕಡಿಮೆಮಾಡಲು ಬಳಕೆಗೆ ಬಂದುದೇ ಟ್ರೋಲಿಂಗ್ ಮೋಟಾರು ಎಂಬ ಸಣ್ಣ ವಿದ್ಯುತ್ ಯಂತ್ರವು. ಇದನ್ನು ಕೊಳ್ಳಬಯಸುವವರು ಮೊದಲು ತೀರ್ಮಾನಿಸತಕ್ಕ ವಿಷಯವೆಂದರೆ, ಯಂತ್ರವನ್ನು ಕೈಯಿಂದ ನಡೆಸುವುದೋ ಕಾಲಿನಿಂದ ನಡೆಸುವುದೋ ಎಂಬುದು. ಇವೆರಡಕ್ಕೂ ಬೆಲೆಯಲ್ಲಿ ಹೆಚ್ಚಿನ ಅಂತರವುಂಟು. ತಪ್ಪು ಆಯ್ಕೆಮಾಡಿಕೊಂಡ ಮೇಲೆ ಅದನ್ನು ಸರಿಪಡಿಸುವುದೂ ಸುಲಭವಲ್ಲ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ವಿಚಾರಮಾಡುವುದು ಯುಕ್ತವಾಗಿದೆ.

ಯಂತ್ರದ ಪರಿಚಯ

ಹೆಸರನ್ನು ಕೇಳಿದೊಡನೆ ಮಂಗಳೂರು, ಮಲ್ಪೆಗಳ ಟ್ರಾಲ್ ದೋಣಿಗಳ ನೆನಪಾಗಬಹುದು. ಅವು ಸಮುದ್ರದಲ್ಲಿ ದೊಡ್ಡ ಬಲೆಯನ್ನು ಎಳೆಯತಕ್ಕ ದೋಣಿಗಳು. ಅವುಗಳಿಗೂ ಇದಕ್ಕೂ ಸಂಬಂಧವಿಲ್ಲ. ದೋಣಿಯನ್ನು ನಿಧಾನವಾಗಿ ನಡೆಸುತ್ತ ಅದರ ಹಿಂದೆ ಗಾಳವನ್ನು ಎಳೆದುಕೊಂಡು ಹೋಗುವುದಕ್ಕೆ ಟ್ರೋಲಿಂಗ್ ಎಂದು ಹೆಸರು. ಈ ಯಂತ್ರದಲ್ಲಿ ಉದ್ದನೆಯ ಕೊಳವೆಯೊಂದರ ಕೆಳತುದಿಗೆ ಮೋಟಾರೂ ಅದರ ರೆಕ್ಕೆಯೂ ಇದ್ದು, ಅವು ನೀರಿನಲ್ಲಿ ಮುಳುಗಿರುತ್ತವೆ. ಬ್ಯಾಟರಿಯು ದೋಣಿಯೊಳಗಿರುತ್ತದೆ. ಹೊಗೆಯಿಲ್ಲ, ಸದ್ದು ಅತ್ಯಲ್ಪ, ಆದುದರಿಂದ ಮೀನುಗಳು ಬೆದರುವುದೂ ಕಡಿಮೆ.

ಅಮೆರಿಕಾ ಸಂಯುಕ್ತ ಸಂಸ್ಥಾನದ ಉತ್ತರ ಡಕೋಟಾ ಪ್ರಾಂತ್ಯದ ಫಾರ್ಗೋ ಪಟ್ಟಣದಲ್ಲಿ 1934ನೆಯ ಇಸವಿಯಲ್ಲಿ ಒ. ಜಿ. ಶ್ಮಿಟ್ ಎಂಬವರು ಫೋರ್ಡ್ ಮೋಟಾರು ಗಾಡಿಯ ಸ್ಟಾರ್ಟರ್ ಮೋಟಾರಿಗೆ ರೆಕ್ಕೆಯನ್ನು ಜೋಡಿಸಿ ಇಂತಹ ಯಂತ್ರವನ್ನು ತಯಾರಿಸಿದರು. ಇದು ಕೈಯಿಂದ ನಡೆಸತಕ್ಕದ್ದಾಗಿತ್ತು. ಮುಂದೆ 1951ರಲ್ಲಿ ಮಿಸಿಸಿಪ್ಪಿ ಪ್ರಾಂತ್ಯದ ಜಿ. ಎಚ್. ಹ್ಯಾರಿಸ್ ಎಂಬವರು ಕಾಲಿನಿಂದ ನಡೆಸುವ ಯಂತ್ರಕ್ಕೆ ಪೇಟೆಂಟು ಪಡೆದರು. ಎರಡು ಬಗೆಗಳೂ ಅಲ್ಲಿ ಇಂದಿಗೂ ಬಳಕೆಯಲ್ಲಿರುವುದರಿಂದ, ಒಂದು ಬಗೆಯು ಇನ್ನೊಂದನ್ನು ಮೂಲೆಗೊತ್ತಲಿಲ್ಲವೆಂದು ತಿಳಿಯಬರುತ್ತದೆ. ಇದರ ಕಾರಣವು ಯಂತ್ರಕ್ಕಿಂತ ಹೆಚ್ಚಾಗಿ ಕೆಲಸದ ಸ್ವಭಾವದಲ್ಲಿದೆ.

ಮೀನಿನ ಸ್ವಭಾವವೂ ಕೈಯ ಕೆಲಸವೂ

ಅಮೆರಿಕಾದ ದಕ್ಷಿಣ ಪ್ರಾಂತ್ಯಗಳಲ್ಲಿ ಬಾಸ್ ಎಂಬ ಮೀನು ದಡದ ಜೊಂಡಿನಲ್ಲಿಯೂ ನೀರಿನಲ್ಲಿ ಮುಳುಗಿದ ಬೊಡ್ಡೆಗಳ ನೆರಳಿನಲ್ಲಿಯೂ ಅಡಗಿರುತ್ತದೆ. ಇದನ್ನು ಹಿಡಿಯುವವನು ದೋಣಿಯ ಮುಂಭಾಗದಲ್ಲಿ ನಿಂತು ಮೇಲಿಂದ ಮೇಲೆ ಗಾಳವನ್ನು ಎಸೆಯುತ್ತಿರಬೇಕು. ಪ್ರತಿ ಎಸೆತಕ್ಕೂ ದೋಣಿಯನ್ನು ಒಂದೆರಡು ಅಡಿ ಅತ್ತಿತ್ತ ಸರಿಸುತ್ತಲೂ ಇರಬೇಕು. ಆತನ ಎರಡು ಕೈಗಳಿಗೂ ಬಿಡುವಿಲ್ಲ. ಹೀಗಿರುವಲ್ಲಿ ಕಾಲಿನ ಪೆಡಲು ಆತನಿಗೆ ಮೂರನೆಯ ಕೈಯಂತೆ ಒದಗುತ್ತದೆ.

ಉತ್ತರದ ಮಿನೆಸೋಟಾ ಪ್ರಾಂತ್ಯದ ಸರೋವರಗಳಲ್ಲಿ ವಾಲ್‌ಐ ಎಂಬ ಮೀನನ್ನು ಹಿಡಿಯುವ ಕ್ರಮವು ಬೇರೆ. ಅಲ್ಲಿ ಹಲವರು ದೋಣಿಯ ಹಿಂಭಾಗದಲ್ಲಿ ಕುಳಿತು, ಒಂದು ಕೈಯಲ್ಲಿ ಗಾಳದ ಕೋಲನ್ನೂ ಇನ್ನೊಂದು ಕೈಯಲ್ಲಿ ಮೋಟಾರಿನ ಹಿಡಿಯನ್ನೂ ಹಿಡಿದು, ದೋಣಿಯನ್ನು ಮೆಲ್ಲನೆ ಹಿಮ್ಮುಖವಾಗಿ ನಡೆಸುತ್ತಾರೆ. ಪದೇ ಪದೇ ಎಸೆಯುವ ಪ್ರಮೇಯವಿಲ್ಲದುದರಿಂದ ಒಂದು ಕೈಯು ಬಿಡುವಾಗಿಯೇ ಇರುತ್ತದೆ. ಇಂತಹವರಿಗೆ ಪೆಡಲಿನ ಖರ್ಚು ವ್ಯರ್ಥವೇ ಸರಿ.

ಕೈಮಗ್ಗದ ನೇಕಾರನು ಕಾಲಿನಿಂದ ತುಳಿದು ಹಾಸಿನ ಎಳೆಗಳನ್ನು ಬಿಡಿಸಿ, ಕೈಯಿಂದ ಲಾಳಿಯನ್ನು ಓಡಿಸುವುದನ್ನು ಎಲ್ಲರೂ ನೋಡಿರುತ್ತಾರೆ. ಕೈಗಳಿಗೆ ಬಿಡುವಿಲ್ಲದ ಕಡೆಯಲ್ಲಿ ಮಾತ್ರ ಕಾಲಿಗೆ ಕೆಲಸವನ್ನು ವಹಿಸುವುದು ಅಲ್ಲಿನ ನಿಯಮ. ದೋಣಿಗೂ ಇದೇ ನಿಯಮವು ಅನ್ವಯಿಸುತ್ತದೆ.

ಕೈಹಿಡಿಯ ಗುಣದೋಷಗಳು

ಕೈಯಿಂದ ನಡೆಸುವ ಯಂತ್ರವನ್ನು ಸಾಧಾರಣವಾಗಿ ದೋಣಿಯ ಹಿಂಭಾಗದ ಹಲಗೆಗೆ ತಿರುಪಿನಿಂದ ಬಿಗಿಯುತ್ತಾರೆ. ಹಿಡಿಯನ್ನು ತಿರುಚಿದರೆ ವೇಗವು ಬದಲಾಗುತ್ತದೆ. ಪಕ್ಕಕ್ಕೆ ತಳ್ಳಿದರೆ ದೋಣಿಯು ತಿರುಗುತ್ತದೆ. ಇದು ಹಗುರವಾಗಿದ್ದು ಕೆಲಸ ಮುಗಿದ ಮೇಲೆ ಕಳಚಿ ಮನೆಗೆ ಒಯ್ಯಬಹುದು. ಬಿಡಿಭಾಗಗಳು ಕಡಿಮೆಯಾದುದರಿಂದ ಕೆಡುವುದೂ ಕಡಿಮೆ, ಬೆಲೆಯೂ ಕಡಿಮೆ. ಹೊಸಬನೂ ಇದನ್ನು ಬೇಗನೆ ಕಲಿಯಬಲ್ಲನು. ದೋಷವೇನೆಂದರೆ, ಒಂದು ಕೈಯನ್ನು ಇದು ಕಟ್ಟಿಹಾಕುತ್ತದೆ. ಹಿಂದಿನಿಂದ ನೂಕುವ ಯಂತ್ರವಾದುದರಿಂದ, ಗಾಳಿ ಬಲವಾಗಿ ಬೀಸುವಾಗ ದೋಣಿಯ ಮೂತಿಯು ಪಕ್ಕಕ್ಕೆ ಸರಿದುಹೋಗುವುದೂ ಉಂಟು.

ಕಾಲಿನ ಪೆಡಲಿನ ಗುಣದೋಷಗಳು

ಪೆಡಲಿನ ಯಂತ್ರವನ್ನು ದೋಣಿಯ ಮುಂಭಾಗದಲ್ಲಿ ಕೂಡಿಸುತ್ತಾರೆ. ಇದು ದೋಣಿಯನ್ನು ಮುಂದಿನಿಂದ ಎಳೆಯುವುದರಿಂದ ಗಾಳಿಯಲ್ಲಿಯೂ ದಾರಿ ತಪ್ಪುವುದು ಕಡಿಮೆ. ಇದರಲ್ಲಿ ಎರಡು ಬಗೆಗಳಿವೆ.

ಮೊದಲನೆಯದು ಉಕ್ಕಿನ ತಂತಿಯ ಬಗೆ. ಪೆಡಲನ್ನು ತುಳಿದೊಡನೆ ತಂತಿಯು ಎಳೆದು ಮೋಟಾರು ತಿರುಗುತ್ತದೆ. ಕಾಲ್ಬೆರಳ ಕಡೆಯನ್ನು ಒತ್ತಿದರೆ ಬಲಕ್ಕೆ, ಹಿಮ್ಮಡಿಯನ್ನು ಒತ್ತಿದರೆ ಎಡಕ್ಕೆ ತಿರುಗುವುದು ಸಾಮಾನ್ಯ ಕ್ರಮ. ತುಳಿತಕ್ಕೂ ತಿರುಗುವುದಕ್ಕೂ ನಡುವೆ ವಿಳಂಬವಿಲ್ಲ. ಆದರೆ ಪೆಡಲನ್ನು ತಂತಿಯು ಮುಟ್ಟುವಷ್ಟು ದೂರದಲ್ಲಿಯೇ ಇಡಬೇಕು. ತಂತಿಯು ಕಾಲಕ್ರಮದಲ್ಲಿ ಸವೆಯುವುದರಿಂದ ಅದನ್ನು ಬದಲಾಯಿಸಬೇಕಾಗಿ ಬರಬಹುದು.

ಎರಡನೆಯದು ವಿದ್ಯುತ್ತಿನಿಂದಲೇ ತಿರುಗುವ ಬಗೆ. ಪೆಡಲು ಹಗುರವಾಗಿದ್ದು ಬೇಕಾದ ಕಡೆಗೆ ಸರಿಸಿಕೊಳ್ಳಬಹುದು. ತಿರುಗುವುದರಲ್ಲಿ ಮಾತ್ರ ಕ್ಷಣಕಾಲ ವಿಳಂಬವಿರುತ್ತದೆ. ಕೆಟ್ಟರೆ ಹಳ್ಳಿಯಲ್ಲಿ ರಿಪೇರಿಮಾಡುವುದು ಕಷ್ಟ. ಈಚಿನ ಕೆಲವು ಯಂತ್ರಗಳು ಉಪಗ್ರಹದ ಸಂಕೇತವನ್ನು ಹಿಡಿದು, ಲಂಗರು ಇಲ್ಲದೆಯೇ ದೋಣಿಯನ್ನು ಒಂದೇ ಸ್ಥಳದಲ್ಲಿ ನಿಲ್ಲಿಸಬಲ್ಲವು. ಇವುಗಳ ಬೆಲೆಯು ಬಹಳ ಹೆಚ್ಚು.

ಎರಡು ಬಗೆಗಳಿಗೂ ಸಾಮಾನ್ಯವಾದ ದೋಷವೊಂದುಂಟು. ನಿಂತು ಕೆಲಸಮಾಡುವವನು ಒಂದು ಕಾಲನ್ನು ಪೆಡಲಿನ ಮೇಲಿರಿಸಿ ಇನ್ನೊಂದು ಕಾಲಿನ ಮೇಲೆಯೇ ಮೈಭಾರವನ್ನೆಲ್ಲ ಹೊರಬೇಕು. ದಿನವೆಲ್ಲ ಹೀಗೆ ನಿಂತರೆ ಸೊಂಟ, ಮೊಣಕಾಲುಗಳು ನೋಯುತ್ತವೆ. ಅಲೆಯೆದ್ದಾಗ ಆಯ ತಪ್ಪುವ ಭಯವೂ ಇದೆ. ಪೆಡಲನ್ನು ಹಲಗೆಯಲ್ಲಿ ತಗ್ಗುಮಾಡಿ ಕೂಡಿಸುವುದರಿಂದಲೂ, ಎತ್ತರದ ಆಸನದಲ್ಲಿ ಕುಳಿತು ನಡೆಸುವುದರಿಂದಲೂ ಈ ಕಷ್ಟವು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಮೊಣಕಾಲಿನಲ್ಲಿ ಊನವಿದ್ದವರಿಗೆ ಕೈಹಿಡಿಯೂ, ತೋಳಿನಲ್ಲಿ ಬಲ ಕಡಿಮೆಯಿದ್ದವರಿಗೆ ಪೆಡಲೂ ಮೇಲೆಂದು ಬೇರೆ ಹೇಳಬೇಕಾಗಿಲ್ಲ.

ಬಲವೂ ಬ್ಯಾಟರಿಯೂ

ಯಾವ ಬಗೆಯನ್ನು ಆರಿಸಿಕೊಂಡರೂ ಮೋಟಾರಿನ ನೂಕುಬಲವು ದೋಣಿಯ ತೂಕಕ್ಕೆ ಸರಿಯಾಗಿರಬೇಕು. ಒಟ್ಟು ತೂಕದ ಪ್ರತಿ 100 ಪೌಂಡಿಗೆ 2 ಪೌಂಡು ನೂಕುಬಲವೆಂಬುದು ವಾಡಿಕೆಯ ಲೆಕ್ಕ. ದೋಣಿ, ಜನ, ಬ್ಯಾಟರಿ, ಸಾಮಾನು ಎಲ್ಲವೂ ಸೇರಿ 1,000 ಪೌಂಡು, ಎಂದರೆ ಸುಮಾರು 450 ಕಿಲೋಗ್ರಾಂ ಆದರೆ, ಕನಿಷ್ಠ 20 ಪೌಂಡು ಬೇಕು. ಗಾಳಿ, ಜೊಂಡುಗಳಿರುವ ಕಡೆ 30ರಿಂದ 40 ಪೌಂಡಿನದನ್ನು ತೆಗೆದುಕೊಳ್ಳುವುದು ಲೇಸು. ಸುಮಾರು 55 ಪೌಂಡಿನವರೆಗೆ 12 ವೋಲ್ಟಿನ ಒಂದು ಬ್ಯಾಟರಿ ಸಾಕು. ಅದಕ್ಕೆ ಮೇಲ್ಪಟ್ಟವುಗಳಿಗೆ ಎರಡು ಅಥವಾ ಮೂರು ಬ್ಯಾಟರಿಗಳು ಬೇಕಾಗುತ್ತವೆ.

ಅಂತಹ 55 ಪೌಂಡಿನ ಮೋಟಾರು ಪೂರ್ಣ ವೇಗದಲ್ಲಿ ಸುಮಾರು 50 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಕುಗ್ಗುವುದರಿಂದ, 100 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಪೂರ್ಣ ವೇಗದಲ್ಲಿ ಒಂದೇ ಗಂಟೆ ಓಡಿಸತಕ್ಕದ್ದು. 10 ಆಂಪಿಯರಿನಷ್ಟು ಮೆಲ್ಲಗೆ ಓಡಿಸಿದರೆ ಐದು ಗಂಟೆ ಸಾಗುತ್ತದೆ. ಮರಳಿ ದಡಕ್ಕೆ ಬರಲು ಬೇಕಾದಷ್ಟನ್ನು ಮೊದಲೇ ತೆಗೆದಿರಿಸಿ ಲೆಕ್ಕಹಾಕಬೇಕು. ಒಂದು ಜೊತೆ ಹುಟ್ಟುಗಳು ದೋಣಿಯಲ್ಲಿ ಯಾವಾಗಲೂ ಇರಬೇಕು.

ಕರ್ನಾಟಕದ ಕೆರೆ, ಜಲಾಶಯಗಳಲ್ಲಿ

ತುಂಗಭದ್ರಾ, ಕಾವೇರಿ ನದಿಗಳಲ್ಲಿ ರೂಢಿಯಲ್ಲಿರುವ ಹರಿಗೋಲು ದುಂಡಗಿರುವುದರಿಂದ ಅದಕ್ಕೆ ಹಿಂದು ಮುಂದೆಂಬುದೇ ಇಲ್ಲ; ಯಂತ್ರವನ್ನು ಬಿಗಿಯಲು ಗಟ್ಟಿಯಾದ ಹಲಗೆಯೂ ಇಲ್ಲ. ಅದಕ್ಕೆ ಈ ಮೋಟಾರು ಸರಿಹೊಂದದು. ಚಪ್ಪಟೆ ತಳದ ಉದ್ದನೆಯ ದೋಣಿಯಿದ್ದವರು ಮಾತ್ರ ಇದನ್ನು ಯೋಚಿಸಬಹುದು.

ಅವರಲ್ಲಿಯೂ ಬೀಡುಬಲೆಯನ್ನು ಬಿಟ್ಟು ಮೀನು ಹಿಡಿಯುವವರು ಬಲೆಯನ್ನು ಎಳೆಯುವ ಹೊತ್ತಿನಲ್ಲಿ ಮೋಟಾರನ್ನು ನಿಲ್ಲಿಸಿ ಮೇಲಕ್ಕೆತ್ತಲೇಬೇಕು. ಇಲ್ಲವಾದರೆ ರೆಕ್ಕೆಯು ಬಲೆಯನ್ನು ಸುತ್ತಿಕೊಳ್ಳುತ್ತದೆ. ಕೈಗಳಿಗೆ ಬಿಡುವಿಲ್ಲದ ಹೊತ್ತಿನಲ್ಲಿ ಮೋಟಾರಿಗೇ ಕೆಲಸವಿಲ್ಲದಿರುವುದರಿಂದ, ಇವರಿಗೆ ಪೆಡಲಿನಿಂದ ಲಾಭವಿಲ್ಲ, ಕೈಹಿಡಿಯೇ ಸಾಕು. ಕೊಳದಲ್ಲಿ ಮೀನುಗಳಿಗೆ ಮೇವು ಎರಚುವವರೂ ಹಿಡಿಯ ತಿರುಪನ್ನು ತಕ್ಕಷ್ಟು ಬಿಗಿಮಾಡಿಕೊಂಡರೆ ದೋಣಿಯು ಸ್ವಲ್ಪ ದೂರ ನೇರವಾಗಿ ಸಾಗುತ್ತದೆ. ಒಬ್ಬನೇ ನಿಂತು ದಿನವೆಲ್ಲ ಗಾಳ ಎಸೆಯುವವನಿಗೆ, ಮುಂಭಾಗದಲ್ಲಿ ಅಗಲವಾದ ಹಲಗೆಯುಳ್ಳ ಸ್ಥಿರವಾದ ದೋಣಿಯಿದ್ದರೆ, ಪೆಡಲು ಹಾಕಿದ ಹಣಕ್ಕೆ ಮೋಸವಾಗದು. ಜಲಾಶಯದಲ್ಲಿ ಮೋಟಾರು ದೋಣಿಗೆ ಅನುಮತಿಯುಂಟೇ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಎಚ್ಚರಿಕೆಗಳು

1. ಕೈಹಿಡಿಯನ್ನು ಬಿಟ್ಟರೂ ಮೋಟಾರು ಇಟ್ಟ ವೇಗದಲ್ಲಿಯೇ ಓಡುತ್ತಿರುತ್ತದೆ. ಪೆಡಲಿನಲ್ಲಿ, ತುಳಿದಷ್ಟು ಹೊತ್ತು ಮಾತ್ರ ಓಡುವ ಗುಂಡಿಯೂ ಸದಾ ಓಡಿಸುವ ಗುಂಡಿಯೂ ಇರುವುದುಂಟು. ಒಬ್ಬನೇ ಇರುವವನು ಮೊದಲನೆಯದನ್ನೇ ಬಳಸಬೇಕು. ಆಯ ತಪ್ಪಿ ನೀರಿಗೆ ಬಿದ್ದರೆ, ಓಡುತ್ತಿರುವ ದೋಣಿಯು ಆತನನ್ನು ಬಿಟ್ಟು ಮುಂದೆ ಹೋಗುವುದು. ಈಜಿ ಅದನ್ನು ಹಿಡಿಯುವುದು ಎಲ್ಲರಿಗೂ ಸಾಧ್ಯವಲ್ಲ. ತೇಲುವ ಅಂಗಿಯನ್ನು ದಡದಲ್ಲಿಯೇ ತೊಟ್ಟುಕೊಂಡು ಹೊರಡಬೇಕು.

2. ಬ್ಯಾಟರಿಯ ಸಮೀಪದಲ್ಲಿಯೇ ತಕ್ಕ ಫ್ಯೂಸನ್ನು ಹಾಕಿಸಬೇಕು. ರೆಕ್ಕೆಯನ್ನು ಮುಟ್ಟುವ ಮೊದಲು ಬ್ಯಾಟರಿಯ ತಂತಿಯನ್ನು ಕಳಚತಕ್ಕದ್ದು.

3. ಗಾಳದ ದಾರವು ರೆಕ್ಕೆಯ ಹಿಂದೆ ಸುತ್ತಿಕೊಂಡು ಒಳಗಿನ ಸೀಲನ್ನು ಕತ್ತರಿಸಿದರೆ ಮೋಟಾರಿಗೆ ನೀರು ಹೊಕ್ಕು ಅದು ಕೆಡುತ್ತದೆ. ಆಗಾಗ್ಗೆ ರೆಕ್ಕೆಯನ್ನು ಬಿಚ್ಚಿ ನೋಡುತ್ತಿರಬೇಕು.

4. ಪೆಡಲನ್ನು ಹೊಸದಾಗಿ ಬಳಸುವವರು ಬೊಡ್ಡೆಗಳಿಲ್ಲದ ಬಯಲು ನೀರಿನಲ್ಲಿ, ಗಾಳವಿಲ್ಲದೆ, ಅರ್ಧ ದಿನವಾದರೂ ಅಭ್ಯಾಸಮಾಡಬೇಕು. ದೃಷ್ಟಿಯು ಪೆಡಲಿನ ಮೇಲಿರದೆ ದಡದ ಒಂದು ಗುರುತಿನ ಮೇಲಿರಲಿ. ಕಾಲು ತಾನಾಗಿಯೇ ಕಲಿಯುತ್ತದೆ.

ಅಂಗಡಿಗೆ ಹೋಗುವ ಮುನ್ನ ತನ್ನ ದೋಣಿಯಲ್ಲಿ ಒಂದು ದಿನದ ಕೆಲಸವನ್ನು ಗಮನಿಸಿ, ಮೋಟಾರು ಓಡುತ್ತಿರಬೇಕಾದ ಹೊತ್ತಿನಲ್ಲಿ ಎಷ್ಟು ಕೈಗಳು ಬಿಡುವಾಗಿರುತ್ತವೆ ಎಂಬುದನ್ನು ಎಣಿಸಿ ನೋಡಬೇಕು. ಒಂದು ಕೈ ಬಿಡುವಿದ್ದರೆ ಕೈಹಿಡಿಯನ್ನೂ, ಎರಡೂ ಬಿಡುವಿಲ್ಲದೆ ದೋಣಿಯೂ ಸ್ಥಿರವಾಗಿದ್ದರೆ ಪೆಡಲನ್ನೂ ಕೊಳ್ಳುವುದು. ಉಳಿದ ಹಣದಿಂದ ಒಳ್ಳೆಯ ಬ್ಯಾಟರಿಯನ್ನೂ ತೇಲುವ ಅಂಗಿಯನ್ನೂ ಕೊಂಡವನು ನಷ್ಟಪಡುವುದಿಲ್ಲ.