ಅಂಗಮರ್ದನವೂ ಮನಸ್ಸಿನ ಸಮಾಧಾನವೂ

ಹತ್ತನೆಯ ಇಯತ್ತೆಯ ಪರೀಕ್ಷೆಯು ಸಮೀಪಿಸಿದಂತೆ ನಮ್ಮ ಬಳಿಗೆ ಬರುವ ತಾಯಂದಿರ ಮಾತು ವರ್ಷವರ್ಷವೂ ಒಂದೇ ತೆರನಾಗಿರುತ್ತದೆ. ಹುಡುಗಿಗೆ ತಲೆನೋವು, ರಾತ್ರಿ ನಿದ್ದೆ ಹತ್ತುವದಿಲ್ಲ, ಅನ್ನ ಸೇರುವದಿಲ್ಲ, ಮಾತನಾಡಿಸಿದರೆ ಸಿಡಿಮಿಡಿ. ಕಣ್ಣಿನ ಡಾಕ್ಟರರಿಗೆ ತೋರಿಸಿಯಾಯಿತು, ಕನ್ನಡಕ ಬೇಡವೆಂದರು, ಟಾನಿಕ್ಕು ಕುಡಿಸಿಯಾಯಿತು, ಇನ್ನೇನು ಮಾಡಲಿ ಅಕ್ಕೋರೇ, ಎಂದು ಕೇಳುತ್ತಾರೆ. ಕೇಳುವ ತಾಯಿಯ ಮುಖವನ್ನು ನೋಡಿದರೆ ಆಕೆಗೂ ನಿದ್ದೆಯಿಲ್ಲವೆಂಬದು ತಾನಾಗಿಯೇ ತಿಳಿಯುತ್ತದೆ. ಅಂಥ ತಾಯಂದಿರಿಗೆ ನಾವು ಬಾಯಿಮಾತಿನಲ್ಲಿ ಹೇಳುತ್ತ ಬಂದದ್ದನ್ನು ಈ ಸ್ಮರಣ ಸಂಚಿಕೆಯ ನಿಮಿತ್ತದಿಂದ ತುಸು ವಿಸ್ತರಿಸಿ ಬರೆಯುತ್ತೇವೆ.

ಎಕ್ಕಂಬಿಯ ಸುತ್ತಣ ಹಳ್ಳಿಗಳಿಗೆ ಅಂಗಮರ್ದನವು, ಎಂದರೆ ಮೈಗೆ ಎಣ್ಣೆ ಹಚ್ಚಿ ತಿಕ್ಕುವದು, ಹೊಸ ಸಂಗತಿಯಲ್ಲ. ಕೂಸು ಹುಟ್ಟಿದ ಮನೆಯಲ್ಲಿ ಅಜ್ಜಿಯು ಕಾಲು ಚಾಚಿ ಕುಳಿತು, ಅದನ್ನು ಕಾಲುಗಳ ಮೇಲೆ ಮಲಗಿಸಿಕೊಂಡು ನೀವುವ ರೀತಿಯನ್ನು ಕಾಣದವರಾರು? ಬಾಣಂತಿಗೂ ಎಣ್ಣೆ ತಿಕ್ಕಿ ಹಂಡೆಯ ಬಿಸಿನೀರು ಹೊಯ್ಯುವರು. ನರಕ ಚತುರ್ದಶಿಯ ಎಣ್ಣೆಸ್ನಾನವು ಹಿಂದೂ ಬಾಂಧವರ ಮನೆಮನೆಯ ಆಚಾರ. ಸತ್ಯವೇದವನ್ನು ಓದುವ ನಮಗೂ ಎಣ್ಣೆಯು ಪರಕೀಯವಲ್ಲ. ಒಳ್ಳೆಯ ಸಮಾರ್ಯದವನು ಗಾಯಪಟ್ಟವನಿಗೆ ಮೊದಲು ಮಾಡಿದ್ದು ಎಣ್ಣೆಯ ಉಪಚಾರವನ್ನೇ; ಉಪವಾಸ ಮಾಡುವವನು ಮುಖ ಬಾಡಿಸಿಕೊಳ್ಳದೆ ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕೆಂದು ಕರ್ತನು ಗುಡ್ಡದ ಮೇಲಣ ಪ್ರಸಂಗದಲ್ಲಿ ಬೋಧಿಸಿದನು.

ಆದರೆ ಒಂದು ಸಂಗತಿಯನ್ನು ವಿಚಾರಿಸಿ ನೋಡಿರಿ. ನಮ್ಮ ಹೆಣ್ಣು ಮಗಳು ನಡೆಯಲು ಕಲಿತು, ಬಚ್ಚಲಿಗೆ ತಾನೇ ಹೋಗುವಂತಾದ ಮೇಲೆ ಆಕೆಯ ಮೈಗೆ ಎಣ್ಣೆಯ ಕೈ ತಾಗುವದು ನಿಲ್ಲುತ್ತದೆ. ಜಡೆ ಹಾಕುವಾಗ ನೆತ್ತಿಗೆ ನಾಲ್ಕು ಹನಿ ಬಿದ್ದರೆ ಅಷ್ಟೇ. ಮತ್ತೆ ಆ ಕೈ ದೊರೆಯುವದು ಆಕೆಯು ಬಾಣಂತಿಯಾದಾಗ. ಅದೂ ಕೆಲವು ವಾರಗಳ ಮಟ್ಟಿಗೆ. ನಡುವಿನ ಎಲ್ಲ ವರ್ಷಗಳಲ್ಲಿ, ಎಂದರೆ ಓದಿನ, ಪರೀಕ್ಷೆಯ, ಭಯದ ವರ್ಷಗಳಲ್ಲಿ, ಅವಳ ಮೈಯನ್ನು ಯಾರೂ ವಿಚಾರಿಸುವದಿಲ್ಲ. ಬಾಣಂತನದ ತರುವಾಯವಂತೂ ಆಕೆಯೇ ಎಲ್ಲರಿಗೆ ತಿಕ್ಕುವವಳು. ಈ ಅಂತರವನ್ನು ಮನೆಯಲ್ಲಿಯೇ ತುಂಬಬಹುದು ಎಂಬದೇ ನಮ್ಮ ಅಭಿಪ್ರಾಯ.

ಚಿಂತೆಯು ಮನಸ್ಸಿನಲ್ಲಿ ಮಾತ್ರ ಇರುವದೆಂದು ತಿಳಿಯಬಾರದು. ಅಂಜಿದ ಹುಡುಗಿಯು ತನಗರಿಯದಂತೆಯೇ ಹೆಗಲುಗಳನ್ನು ಕಿವಿಯ ಕಡೆಗೆ ಎತ್ತಿ, ಹಲ್ಲು ಕಚ್ಚಿ, ಮೇಲು ಮೇಲಿನ ಉಸಿರಾಡುತ್ತಾಳೆ. ಅದೇ ಭಂಗಿಯಲ್ಲಿ ನಾಲ್ಕು ತಾಸು ಪುಸ್ತಕದ ಮೇಲೆ ಬಾಗಿದರೆ ಕುತ್ತಿಗೆಯ ಸ್ನಾಯುಗಳು ಬಿಗಿದು ಹಗ್ಗದಂತಾಗಿ, ಆ ಬಿಗಿತವು ತಲೆಯ ಹಿಂಬದಿಯಿಂದ ಹಣೆಯವರೆಗೆ ನೋವಾಗಿ ಹಬ್ಬುತ್ತದೆ. ಅಡಿಕೆಯ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೆ ಕೂಡ್ರುವ ತಾಯಿಗೂ, ನೆಟ್ಟಿಯ ಕಾಲದಲ್ಲಿ ದಿನವಿಡೀ ಬಗ್ಗುವವಳಿಗೂ ಇದೇ ಗತಿ. ಮೈ ಬಿಗಿದಾಗ ಮನಸ್ಸು ಇನ್ನೂ ಅಪಾಯವಿದೆಯೆಂದೇ ಎಣಿಸುತ್ತದೆ. ಮನಸ್ಸು ಹಾಗೆ ಎಣಿಸಿದಷ್ಟೂ ಮೈ ಬಿಗಿಯುತ್ತದೆ. ಈ ಸುತ್ತನ್ನು ಬುದ್ಧಿವಾದದಿಂದ ಕಡಿಯುವದು ಕಠಿಣ. ಕೈಯಿಂದ ಕಡಿಯುವದು ಸುಲಭ. ನಮ್ಮ ಚರ್ಮದಲ್ಲಿ, ವಿಶೇಷವಾಗಿ ರೋಮವುಳ್ಳ ಚರ್ಮದಲ್ಲಿ, ಮೆಲ್ಲನೆಯ ಸವರುವಿಕೆಗೆ ಮಾತ್ರ ಚೆನ್ನಾಗಿ ಓಗೊಡುವ ಸೂಕ್ಷ್ಮ ನರತಂತುಗಳಿವೆಯೆಂದು ಶಾಸ್ತ್ರಜ್ಞರು ಕಂಡಿದ್ದಾರೆ. ಕ್ಷಣಕ್ಕೆ ಸುಮಾರು 1ರಿಂದ 10 ಸೆಂಟಿಮೀಟರಿನಷ್ಟು ನಿಧಾನವಾಗಿ ಕೈ ಸಾಗಿದಾಗ ಅವು ಹೆಚ್ಚಾಗಿ ಎಚ್ಚತ್ತು, ಹಿತದ ಅನುಭವವನ್ನು ಮಿದುಳಿಗೆ ಮುಟ್ಟಿಸುತ್ತವೆ. ತಾಯಂದಿರ ಕೈ ತಾನಾಗಿ ಸಾಗುವ ವೇಗವೂ ಅದೇ ಎಂಬದು ನಮಗೆ ಆಶ್ಚರ್ಯವಲ್ಲ.

ನಮ್ಮ ದೇಶದ ವೈದ್ಯರು ಇದನ್ನು ಬಹು ಪೂರ್ವದಲ್ಲಿಯೇ ಅರಿತಿದ್ದರು. ವಾಗ್ಭಟನು ತನ್ನ ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ಅಭ್ಯಂಗವನ್ನು ನಿತ್ಯದ ಕರ್ತವ್ಯಗಳಲ್ಲಿ ಸೇರಿಸಿ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಮಾಡತಕ್ಕದ್ದೆಂದು ವಿಧಿಸಿದ್ದಾನೆ. ಅಜೀರ್ಣವಾದವರಿಗೆ ಬೇಡವೆಂದೂ ಎಚ್ಚರಿಸಿದ್ದಾನೆ. ನಮ್ಮ ವಿದ್ಯಾರ್ಥಿನಿಯರು ಅಂಗಡಿಯಿಂದ ತರುವ ಶಾಂಪೂ ಎಂಬ ಶಬ್ದವು ಕೂಡ ಒತ್ತು, ನಾದು ಎಂಬರ್ಥದ ಹಿಂದುಸ್ತಾನಿ ಮಾತಿನಿಂದ ಹುಟ್ಟಿದ್ದು. 1759ರಲ್ಲಿ ಪಾಟ್ನಾದಲ್ಲಿ ಜನಿಸಿದ ದೀನ್ ಮಹಮ್ಮದನೆಂಬವನು ಇಂಗ್ಲಂಡದ ಬ್ರೈಟನ್ ಪಟ್ಟಣದಲ್ಲಿ ಸ್ನಾನಗೃಹವನ್ನು ತೆರೆದು, ಈ ಮರ್ದನದಿಂದಲೇ ಹೆಸರಾಗಿ, ನಾಲ್ಕನೆಯ ಜಾರ್ಜ್ ದೊರೆಗೂ ಉಪಚಾರಕನಾದನು. ಶಬ್ದವು ಹಿಂದಿರುಗಿ ಬರುವಾಗ ಕೈಯನ್ನು ಅಲ್ಲಿಯೇ ಬಿಟ್ಟು, ಬರಿಯ ನೊರೆಯನ್ನು ತಂದಿತು!

ಮರ್ದನದ ಕೆಲಸವೆಂದರೆ ಮರ್ಯಾದಸ್ಥರಿಗೆ ತಕ್ಕದ್ದಲ್ಲವೆಂದು ಹಲವು ಪಾಲಕರು ಮೂಗು ಮುರಿಯುವರು. ಪಟ್ಟಣಗಳ ಕೆಲವು ಅಂಗಡಿಗಳಿಂದ ಈ ಹೆಸರಿಗೆ ಕಳಂಕ ಬಂದದ್ದೂ ಸುಳ್ಳಲ್ಲ. ಲಂಡನ್ನಿನಲ್ಲಿಯೂ ಹೀಗೆಯೇ ಆಗಿತ್ತು. ಆಗ, 1894ರಲ್ಲಿ, ನಾಲ್ವರು ದಾದಿಯರು ಕೂಡಿ, ತರಬೇತಿ ಹೊಂದಿದ ಸ್ತ್ರೀಯರ ಒಂದು ಸಂಘವನ್ನು ಸ್ಥಾಪಿಸಿ, ಪರೀಕ್ಷೆ, ನಿಯಮಗಳನ್ನು ಗೊತ್ತುಪಡಿಸಿ ಈ ವಿದ್ಯೆಯ ಮಾನವನ್ನು ಕಾಯ್ದರು. 1920ರಲ್ಲಿ ಅದಕ್ಕೆ ರಾಜಸನ್ನದು ದೊರೆಯಿತು. ಬ್ರಿಟನ್ನಿನ ಫಿಸಿಯೊಥೆರಪಿಸ್ಟರ ಸಂಘವೆಂದು ಇಂದು ಹೆಸರಾದದ್ದು ಅದುವೇ. ಫಿಸಿಯೊಥೆರಪಿಯನ್ನು ಓದಲಿಚ್ಛಿಸುವ ಹುಡುಗಿಯರ ತಂದೆತಾಯಿಗಳು ಇದನ್ನು ನೆನಪಿನಲ್ಲಿಡಬೇಕು.

ನಮ್ಮ ಅಜ್ಜಿಯರ ವಿದ್ಯೆಯನ್ನು ಹೊರಗಿನವರು ಬಂದು ಮೆಚ್ಚಿದ್ದೂ ಉಂಟು. ಫ್ರೆಂಚ್ ವೈದ್ಯರಾದ ಲೆಬೊಯೆ ಎಂಬವರು ಕಲಕತ್ತೆಯಲ್ಲಿ ಶಾಂತಲಾ ಎಂಬ ತಾಯಿಯು ಕೂಸಿಗೆ ಎಣ್ಣೆ ತಿಕ್ಕುವದನ್ನು ಕಂಡು, 1976ರಲ್ಲಿ ಅವಳ ಹೆಸರಿನಲ್ಲಿಯೇ ಗ್ರಂಥವನ್ನು ಪ್ರಕಟಿಸಿದರು. 1986ರಲ್ಲಿ ಅಮೇರಿಕೆಯಲ್ಲಿ ಟಿಫನಿ ಫೀಲ್ಡ್ ಎಂಬ ವಿದುಷಿಯೂ ಸಂಗಡಿಗರೂ ದಿನ ತುಂಬದೆ ಹುಟ್ಟಿದ ಕೂಸುಗಳನ್ನು ದಿನಕ್ಕೆ ಮೂರು ಸಲ, ಸಲಕ್ಕೆ 15 ನಿಮಿಷದಂತೆ, 10 ದಿವಸ ನೀವಿಸಿ ನೋಡಲಾಗಿ, ಅವುಗಳ ತೂಕವು ಉಳಿದ ಕೂಸುಗಳಿಗಿಂತ ನೂರಕ್ಕೆ 47ರಷ್ಟು ಹೆಚ್ಚಾಗಿ ಏರಿತು. ದೊಡ್ಡವರ ವಿಷಯದಲ್ಲಿ 37 ಪ್ರಯೋಗಗಳನ್ನು ಒಟ್ಟುಗೂಡಿಸಿ 2004ರಲ್ಲಿ ಮಾಡಿದ ಪರಿಶೀಲನೆಯೊಂದರಲ್ಲಿ, ಪದೇ ಪದೇ ಮರ್ದನ ಪಡೆದವರ ಆತಂಕವೂ ಖಿನ್ನತೆಯೂ ಗಣನೀಯವಾಗಿ ಇಳಿದದ್ದು ಕಂಡುಬಂತು. ಆದರೆ ಒತ್ತಡದ ರಸವೆನಿಸಿದ ಕಾರ್ಟಿಸೋಲು ರಕ್ತದಲ್ಲಿ ಬಹಳ ತಗ್ಗುವದೆಂದು ಜಾಹೀರಾತುಗಳು ಸಾರುವದಕ್ಕೆ ಆಧಾರ ಸಿಕ್ಕಲಿಲ್ಲ. ಹೆಚ್ಚುಕಡಿಮೆಯು ತೀರ ಅಲ್ಪವೆಂದು 2011ರ ಇನ್ನೊಂದು ಪರಿಶೀಲನೆಯು ತಿಳಿಸಿತು. ಮೈಯ ವಿಷವೆಲ್ಲ ಇಳಿಯುವದು, ಕೊಬ್ಬು ಕರಗುವದು ಎಂಬ ಮಾತುಗಳನ್ನೂ ನಂಬಬೇಕಾಗಿಲ್ಲ. ಬೆಲೆಯುಳ್ಳ ತೈಲಗಳಿಗೆ ಹಣ ಸುರಿಯುವದೂ ಬೇಡ. ಮನೆಯ ಕೊಬ್ಬರಿ ಎಣ್ಣೆ, ಇಲ್ಲವೆ ಎಳ್ಳೆಣ್ಣೆ ಸಾಕು.

ಮಾಡುವ ಕ್ರಮವು ಇಷ್ಟೇ. ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಮೊದಲು ಸ್ವಂತ ಮಣಿಕಟ್ಟಿಗೆ ಹಚ್ಚಿ ನೋಡತಕ್ಕದ್ದು. ಹುಡುಗಿಯು ಮಣೆಯ ಮೇಲೆ ಕೂಡ್ರಲಿ. ತಾಯಿಯು ಹಿಂದೆ ಕುರ್ಚಿಯಲ್ಲಿರಲಿ, ಇಲ್ಲವಾದರೆ ತಾಯಿಯ ಬೆನ್ನು ಕೆಡುವದು. ಎರಡೂ ಅಂಗೈಗಳನ್ನು ಹೆಗಲ ಮೇಲಿಟ್ಟು ನಾಲ್ಕೈದು ಉಸಿರುಗಳ ವರೆಗೆ ಸುಮ್ಮನಿರಬೇಕು. ತರುವಾಯ ಕಿವಿಯ ಹಿಂದಿನಿಂದ ಕುತ್ತಿಗೆಯ ಮೇಲೆ ಹಾಯ್ದು ಹೆಗಲ ತುದಿಯವರೆಗೆ ಮೆಲ್ಲನೆ ನೀವುತ್ತ ಇಳಿಯುವದು. ಹೆಗಲ ಮಾಂಸವನ್ನು ಮೃದುವಾಗಿ ಹಿಡಿದು, ತಡೆದು, ಬಿಡುವದು. ಬೆನ್ನುಹುರಿಯ ಎಲುಬಿನ ಮೇಲೆ ಒತ್ತಕೂಡದು. ಅದರ ಎರಡೂ ಮಗ್ಗುಲಿಗೆ ಹೆಬ್ಬೆರಳಿನಿಂದ ಸಣ್ಣ ಸುತ್ತುಗಳನ್ನು ಹಾಕಬಹುದು. ತಲೆಗೆ ಉಗುರಲ್ಲ, ಬೆರಳ ತುದಿ. ಕೊನೆಗೆ ಅಂಗೈ ಮತ್ತು ಅಂಗಾಲು. ಕಾಲು ತಾಸು ಸಾಕು. ವಾರಕ್ಕೆ ಎರಡು ಸಲವಾದರೂ ಚೆನ್ನ, ಮಲಗುವ ಮುಂಚೆ ಆದರೆ ಇನ್ನೂ ಚೆನ್ನ. ಆ ಹೊತ್ತಿನಲ್ಲಿ ಮೊಬೈಲು ಬೇರೆ ಕೋಣೆಯಲ್ಲಿರಲಿ. ಅಂಕಗಳ ಮಾತನ್ನಂತೂ ಎತ್ತಲೇಬಾರದು. ನೆರೆಮನೆಯ ಹುಡುಗಿಯ ಅಂಕಗಳನ್ನು ಹೇಳುತ್ತ ತಲೆಗೆ ಎಣ್ಣೆ ತಿಕ್ಕುವ ತಾಯಿಯು ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದರಿಂದ ಕಸಿದುಕೊಳ್ಳುತ್ತಾಳೆ.

ಹುಡುಗಿಯು ಬೇಡವೆಂದರೆ ಬಿಟ್ಟುಬಿಡತಕ್ಕದ್ದು. ಮೈ ಅವಳದು, ಮನಸ್ಸೊಪ್ಪದ ಸ್ಪರ್ಶವು, ಯಾರದೇ ಆಗಲಿ, ಉಪಚಾರವಾಗದು. ಈ ಮಾತನ್ನು ಎಳೆಯ ಹುಡುಗಿಯರಿಗೂ ಕಲಿಸಬೇಕೆಂಬದು ನಮ್ಮ ಶಾಲೆಯ ತಾಯಂದಿರಿಗೆ ತಿಳಿದೇ ಇದೆ. ಜ್ವರ, ಚರ್ಮದ ಹುಣ್ಣು, ಹೊಸ ಗಾಯ, ಎಲುಬು ಮುರಿದ ಸಂಶಯವಿದ್ದಾಗ ತಿಕ್ಕಬಾರದು. ಒಂದೇ ಕಾಲು ಬಾತು ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು; ಅದನ್ನು ಎಷ್ಟು ಮಾತ್ರಕ್ಕೂ ನೀವದೆ ಡಾಕ್ಟರರಿಗೆ ತೋರಿಸಬೇಕು. ಕೂಸಿನ ಮೂಗಿಗೂ ಕಿವಿಗೂ ಎಣ್ಣೆ ಬಿಡುವ ಹಳೆಯ ರೂಢಿಯು ಅಪಾಯಕರ. ಕುತ್ತಿಗೆಯನ್ನು ಹಿಡಿದು ಲಟಕ್ಕನೆ ತಿರುಗಿಸುವದೂ ಹಾಗೆಯೇ.

ಇನ್ನು, ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಹುಡುಗಿಯು ಗೆಳತಿಯರನ್ನೂ ಊಟವನ್ನೂ ಬಿಟ್ಟರೆ, ಬದುಕಿ ಫಲವೇನೆಂಬ ಮಾತು ಒಮ್ಮೆಯಾದರೂ ಅವಳ ಬಾಯಿಂದ ಬಂದರೆ, ಎಣ್ಣೆಯನ್ನು ನಂಬಿ ಕೂಡ್ರಬಾರದು. ಅದು ವೈದ್ಯರ ಕೆಲಸ. 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಯ 14416 ಸಂಖ್ಯೆಗೆ ಹಗಲಿರುಳು ಖರ್ಚಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇದರಲ್ಲಿ ನಾಚಿಕೆಯೇನೂ ಇಲ್ಲ. ಕಾಲು ಮುರಿದರೆ ನಾವು ಮುಚ್ಚಿಡುತ್ತೇವೆಯೇ?

ಹಳೆಯ ವಿದ್ಯಾರ್ಥಿನಿಯರಿಗೆ ಪ್ರತ್ಯೇಕವಾಗಿ ಒಂದು ಬಿನ್ನಹ. ನಿಮ್ಮಲ್ಲಿ ಅನೇಕರು ಹುಬ್ಬಳ್ಳಿ, ಬೆಂಗಳೂರುಗಳಲ್ಲಿದ್ದು ಹಬ್ಬಕ್ಕೆ, ಕ್ರಿಸ್ಮಸ್ಸಿಗೆ ಊರಿಗೆ ಬರುತ್ತೀರಿ. ಸೀರೆ, ಸಿಹಿ ತರುತ್ತೀರಿ. ಮುಂದಿನ ಸಲ ಬಂದಾಗ ತಾಯಿಯನ್ನು ಆ ಮಣೆಯ ಮೇಲೆ ಕೂಡ್ರಿಸಿ, ನೀವು ಹಿಂದೆ ಕುಳಿತುಕೊಳ್ಳಿರಿ. ನನಗೇಕೆ, ಮೊದಲು ಮಕ್ಕಳಿಗೆ ತಿಕ್ಕು, ಎಂದು ಆಕೆಯು ಏಳುವಳು, ಬಿಡಬೇಡಿರಿ. ವಯಸ್ಸಾದವರ ಚರ್ಮವು ತೆಳ್ಳಗಿರುವದರಿಂದ ಕೈ ಹಗುರಾಗಿರಲಿ. ಮುಗಿದ ಮೇಲೆ ಆಕೆಯ ಅಂಗಾಲುಗಳನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರಸಿಯೇ ಏಳಿಸಿರಿ. ಎಣ್ಣೆಗಾಲಿಗೆ ಬಚ್ಚಲ ಕಲ್ಲು ಜಾರುತ್ತದೆ.